ಅಂಗಳದ ಕಲ್ಲನ್ನು ಕದಲಿಸುವ ಮುನ್ನ

ನಮ್ಮ ಶಾಲೆಯ ಧ್ವಜಕಟ್ಟೆಯ ಪಕ್ಕದಲ್ಲಿ ಸೊಂಟದೆತ್ತರದ ಮುರಕಲ್ಲಿನ ಕಂಬವೊಂದಿದೆ. ಅದರ ಮೇಲೆ ಗೆರೆಗಳನ್ನು ಕೊರೆದ ಕರಿಕಲ್ಲಿನ ಹಾಸು. ಹಾಸಿನ ನಡುವೆ ತೀರ ತಗ್ಗಾಗಿ ಓರೆಯಾಗಿ ಏರುವ ತಾಮ್ರದ ತಗಡು. ತುಳಸಿಕಟ್ಟೆಯ ಅವಶೇಷವೆಂದು ಕೆಲವರೂ, ಯಾವುದೋ ತೋಟದ ಮುರುಕು ಅಲಂಕಾರವೆಂದು ಕೆಲವರೂ ಹೇಳುತ್ತ ಬಂದಿದ್ದಾರೆ. ಸುವರ್ಣ ಮಹೋತ್ಸವದ ನಿಮಿತ್ತ ಇದನ್ನು ಮಹಾದ್ವಾರದ ಬಳಿಗೆ ಸಾಗಿಸಿ, 'ಬಾಗಿದ' ತಗಡನ್ನು ನೆಟ್ಟಗೆ ಮಾಡಿ, ಬಣ್ಣ ಬಳಿಯಬೇಕೆಂಬ ಸಲಹೆ ಬಂದಿದೆ. ಸಲಹೆ ಕೊಟ್ಟವರ ಸದುದ್ದೇಶದಲ್ಲಿ ನನಗೆ ಸಂದೇಹವಿಲ್ಲ. ಆದರೆ ನನ್ನ ಸಮ್ಮತಿಯೂ ಇಲ್ಲ.

ತಗಡು ಬಾಗಿಲ್ಲ. ಇದು ನೆರಳು ಗಡಿಯಾರ; ಆ ತಗಡೇ ಇದರ ಶಂಕು. ಶಂಕುವಿನ ಓರೆ ಅಂಚು ಉತ್ತರ ಧ್ರುವದ ದಿಕ್ಕಿಗೆ, ಊರಿನ ಅಕ್ಷಾಂಶದಷ್ಟೇ ಕೋನದಲ್ಲಿ ಏರಿರಬೇಕು. ಲಂಡನ್ನಿನಲ್ಲಿ ಅದು 51½ ಡಿಗ್ರಿ. ನಮ್ಮ ಕಾಸರಗೋಡಿನಲ್ಲಿ 12½ ಮಾತ್ರ. ವಿಲಾಯತಿ ಗಡಿಯಾರಗಳ ಚಿತ್ರ ಕಂಡ ಕಣ್ಣಿಗೆ ನಮ್ಮದು ಮುರಿದಂತೆ ತೋರುವುದು ಸಹಜ. ಕೋನಮಾಪಕವಿಟ್ಟು ನೋಡಿದೆ, ಲೆಕ್ಕ ಸರಿಯಾಗಿದೆ. ಗೆರೆಗಳೂ ಇದನ್ನೇ ನುಡಿಯುತ್ತವೆ. ನಮ್ಮ ಅಕ್ಷಾಂಶದಲ್ಲಿ 11 ಮತ್ತು 12ರ ಗೆರೆಗಳ ನಡುವೆ 3 ಡಿಗ್ರಿಗಿಂತ ತುಸು ಹೆಚ್ಚಿನ ಅಂತರವಿದ್ದರೆ, ಸಂಜೆ 5 ಮತ್ತು 6ರ ನಡುವೆ 50ಕ್ಕೂ ಮಿಗಿಲು. ಕೆತ್ತಿದವನು ಬಲ್ಲವನಾಗಿದ್ದನು.

ಇದು ತಪ್ಪು ಸಮಯ ತೋರಿಸುತ್ತದೆಂಬ ಆಕ್ಷೇಪವೂ ಇದೆ. ಭಾರತೀಯ ಪ್ರಮಾಣ ಸಮಯ 82½ ಡಿಗ್ರಿ ರೇಖಾಂಶದ್ದು, ನಾವಿರುವುದು 75ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ಅರ್ಧ ಗಂಟೆ ಹಿಂದೆ. ಇದಲ್ಲದೆ ಭೂಮಿಯ ಕಕ್ಷೆ ದೀರ್ಘವೃತ್ತ, ಅಕ್ಷವು ಓರೆ. ಆದ್ದರಿಂದ ನೆರಳು 12ನ್ನು ಮುಟ್ಟುವಾಗ ಕೈಗಡಿಯಾರದಲ್ಲಿ ಫೆಬ್ರವರಿ ಮಧ್ಯದಲ್ಲಿ 12-44, ನವೆಂಬರ್ ಆರಂಭದಲ್ಲಿ 12-14. ಅಕ್ಷಾಂಶ ರೇಖಾಂಶಗಳನ್ನು ಬಾಯಿಪಾಠ ಮಾಡಿಸಿ ಅಂಕ ಕೊಡುವ ನಾವು, ಅವು ಕಣ್ಣೆದುರು ನಡೆದಾಡುವ ಈ ಕಲ್ಲಿನ ಬಳಿಗೆ ಮಕ್ಕಳನ್ನು ಕರೆತರದಿರುವುದು ವಿಚಿತ್ರ.

ಸ್ಥಳಾಂತರ ಅನಿವಾರ್ಯವೇ ಆದಲ್ಲಿ ಶಂಕುವನ್ನು ಮುಟ್ಟದೆ ಕಂಬ ಸಹಿತ ಸಾಗಿಸಿ, ದಿಕ್ಕನ್ನು ಮಕ್ಕಳಿಂದಲೇ ಗುರುತಿಸಿರಿ. ನೆಟ್ಟ ಕೋಲಿನ ಸುತ್ತ ವೃತ್ತ ಬರೆದು, ಮುಂಜಾನೆ ಮತ್ತು ಅಪರಾಹ್ನ ನೆರಳಿನ ತುದಿ ವೃತ್ತವನ್ನು ತಾಕುವ ಬಿಂದುಗಳನ್ನು ಕೂಡಿಸಿದರೆ ಪೂರ್ವ-ಪಶ್ಚಿಮ ರೇಖೆ ದೊರೆಯುತ್ತದೆ. ಸೂರ್ಯಸಿದ್ಧಾಂತದಲ್ಲಿರುವ ಕ್ರಮವಿದು, ಏಳನೆಯ ತರಗತಿಯವರಿಗೂ ಸಾಧ್ಯ.

ಬಣ್ಣಕ್ಕೆಂದು ಎತ್ತಿಟ್ಟ ಹಣದಲ್ಲಿ ಪಕ್ಕಕ್ಕೊಂದು ಫಲಕ ಹಾಕಿಸಬಹುದು. ತಿಂಗಳು ತಿಂಗಳಿಗೆ ಕೂಡಿಸಬೇಕಾದ ನಿಮಿಷಗಳ ಪಟ್ಟಿ ಅದರಲ್ಲಿರಲಿ, ಕನ್ನಡದಲ್ಲಿ. ಕೆಳಗೆ ಮಲಯಾಳದಲ್ಲೂ ಇರಲಿ, ನೆರೆಯ ಶಾಲೆಯ ಮಕ್ಕಳೂ ನೋಡಲು ಬರುತ್ತಾರೆ.