ತಿರುಗಿ ಬಂದವರಿಗೆ ಬೆಂಚಿನಲ್ಲಿ ಜಾಗ

ಬೂದಿ ಬುಧವಾರದ ದಿನ ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಹಣೆಯ ಮೇಲೆ ಬೂದಿಯ ಶಿಲುಬೆ ಹೊತ್ತವರು ಅಲ್ಲಲ್ಲಿ ಕಾಣುತ್ತಾರೆ. ಪವಿತ್ರ ಹೃದಯ ಪ್ರಧಾನಾಲಯದಲ್ಲಿ ಪೂಜೆ ಮುಗಿಸಿ ಒಬ್ಬರು ಕಚೇರಿಗೆ, ಇನ್ನೊಬ್ಬರು ಶಾಲೆಗೆ, ಮತ್ತೊಬ್ಬರು ಭದ್ರಾವತಿ ಬಸ್ಸಿಗೆ ಹೊರಟಿರುತ್ತಾರೆ. ವಿಭೂತಿ ಬಲ್ಲ ಊರಿಗೆ ಬೂದಿಯ ಗುರುತು ಹೊಸದಲ್ಲ. ಆದರೆ ಈ ಬೂದಿಯ ಹಿಂದೆ ಒಂದು ಸಣ್ಣ ಕಥೆ ಇದೆ. ಹಿಂದಿನ ವರ್ಷ ಗರಿಗಳ ಭಾನುವಾರ ಭಕ್ತರು ಕೈಯಲ್ಲಿ ಹಿಡಿದು ಜಯಕಾರ ಹಾಕಿದ ಗರಿಗಳನ್ನೇ ಒಣಗಿಸಿ ಸುಟ್ಟು ಈ ಬೂದಿ ಮಾಡುತ್ತಾರೆ. ಹೋದ ವರ್ಷದ ಉತ್ಸಾಹ ಈ ವರ್ಷ ಬೂದಿಯಾಗಿ ಹಣೆಗೆ ಬರುತ್ತದೆ. ಮನುಷ್ಯನ ಭಕ್ತಿಯ ಆಯುಸ್ಸು ಎಷ್ಟೆಂದು ತಿಳಿಸಲು ಇದಕ್ಕಿಂತ ನೇರವಾದ ಪಾಠ ಬೇಕಿಲ್ಲ.

ಅಂದಿನಿಂದ ಈಸ್ಟರ್‌ವರೆಗೆ, ಭಾನುವಾರಗಳನ್ನು ಬಿಟ್ಟು, ನಲವತ್ತು ದಿನ ತಪಸ್ಸು ಕಾಲ. ಉಪವಾಸ, ದಾನ, ಪ್ರಾರ್ಥನೆ ಇದರ ಮೂರು ಕಂಬಗಳು. ಬೂದಿ ಬುಧವಾರದ ಪೂಜೆಯಲ್ಲಿ ಮೊದಲು ಓದುವುದು ಪ್ರವಾದಿ ಯೋವೇಲನ ಗ್ರಂಥದ ಒಂದು ಭಾಗ. ಬಟ್ಟೆ ಹರಿದುಕೊಂಡು ದುಃಖ ತೋರಿಸುವುದು ಆ ಕಾಲದ ರೂಢಿ. ಬಟ್ಟೆ ಹರಿದರೆ ಸಾಲದು, ಹರಿಯಬೇಕಾದ್ದು ಎದೆ. ಅರ್ಧ ಮನಸ್ಸಿನಿಂದಲ್ಲ, ಇಡೀ ಮನಸ್ಸಿನಿಂದ ದೇವರ ಕಡೆಗೆ ತಿರುಗಬೇಕು ಎಂಬುದು ಅಲ್ಲಿನ ಕರೆಯ ಸಾರ.

ಈ ಮಾತಿನಲ್ಲಿರುವ ಎರಡು ಪದಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪಶ್ಚಾತ್ತಾಪ ಎಂದೊಡನೆ ಕನ್ನಡದ ಕಿವಿಗೆ ಕೇಳಿಸುವುದು ತಾಪ, ಒಳಗಿನ ಸುಡುವಿಕೆ. ಹೀಬ್ರೂ ಭಾಷೆಯಲ್ಲಿ ಇದಕ್ಕೆ ಬಳಕೆಯಾಗುವ 'ಶೂವ್' ಎಂಬ ಕ್ರಿಯಾಪದಕ್ಕೆ ಇರುವ ಅರ್ಥ ತೀರ ಸರಳ: ತಿರುಗಿ ಬರುವುದು. ದಾರಿ ತಪ್ಪಿದವನು ದಾರಿಯಲ್ಲೇ ಕುಳಿತು ಅತ್ತರೆ ಊರು ಸೇರುವುದಿಲ್ಲ, ಹೊರಳಿ ನಡೆಯಬೇಕು. ಎರಡನೆಯ ಪದ ಹೃದಯ. ಹೀಬ್ರೂಗಳಿಗೆ ಹೃದಯವೆಂದರೆ ಭಾವನೆಯ ತಾಣ ಮಾತ್ರವಲ್ಲ. ಯೋಚಿಸುವುದು, ನಿರ್ಧರಿಸುವುದು ಕೂಡ ಅಲ್ಲೇ. ಹಾಗಾಗಿ ಪೂರ್ಣ ಹೃದಯದ ಪ್ರಾರ್ಥನೆ ಎಂದರೆ ಕಣ್ಣೀರು ಬರುವ ಪ್ರಾರ್ಥನೆ ಎಂದಲ್ಲ. ಕಣ್ಣೀರು ಕೆಲವರಿಗೆ ಬೇಗ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಬುದ್ಧಿ, ಆಸೆ, ಸಂಕಲ್ಪ ಮೂರೂ ಒಂದೇ ದಿಕ್ಕಿಗೆ ಮುಖ ಮಾಡಿದರೆ ಅದು ಪೂರ್ಣ ಹೃದಯ.

ಶಿವಮೊಗ್ಗದ ಪ್ರಧಾನಾಲಯದ ಹೆಸರಿನಲ್ಲೇ ಹೃದಯವಿದೆ. ಯೇಸುವಿನ ಪವಿತ್ರ ಹೃದಯದ ಭಕ್ತಿ ವ್ಯಾಪಕವಾದದ್ದು 17ನೆಯ ಶತಮಾನದ ಫ್ರಾನ್ಸಿನ ಸನ್ಯಾಸಿನಿ ಮಾರ್ಗರೆಟ್ ಮೇರಿ ಅಲಕೋಕ್ ಅವರ ದರ್ಶನಗಳ ನಂತರ. 1856ರಲ್ಲಿ ಪೋಪ್ ಒಂಬತ್ತನೆಯ ಪಿಯುಸ್ ಅದರ ಹಬ್ಬವನ್ನು ಇಡೀ ಕಥೋಲಿಕ ಸಭೆಗೆ ವಿಸ್ತರಿಸಿದರು. 2024ರ ಅಕ್ಟೋಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ವಿಶ್ವಪತ್ರದ ವಿಷಯವೂ ಇದೇ ಹೃದಯ. ಈ ಭಕ್ತಿಯ ತಿರುಳು ಒಂದು ಸಾಲಿನಲ್ಲಿ ಹೇಳಬಹುದಾದಷ್ಟು ಸಣ್ಣದು: ಮನುಷ್ಯ ತನ್ನ ಹೃದಯವನ್ನು ದೇವರಿಗೆ ಕೊಡುವ ಮುಂಚೆಯೇ ದೇವರು ತನ್ನದನ್ನು ಕೊಟ್ಟಿದ್ದಾನೆ.

ಚಿಕ್ಕಮಗಳೂರು ಧರ್ಮಪ್ರಾಂತ್ಯದಿಂದ ಬೇರ್ಪಟ್ಟು ಶಿವಮೊಗ್ಗ ಧರ್ಮಪ್ರಾಂತ್ಯ ರೂಪುಗೊಂಡಿದ್ದು 1988ರ ನವೆಂಬರ್‌ನಲ್ಲಿ. ಆದರೆ ಈ ಸೀಮೆಯ ಕ್ರೈಸ್ತರು ಅಷ್ಟು ಹೊಸಬರಲ್ಲ. ತೋಟದ ಕೆಲಸಕ್ಕೆ, ವ್ಯಾಪಾರಕ್ಕೆ ಕರಾವಳಿಯಿಂದ ಘಟ್ಟ ಹತ್ತಿದ ಕೊಂಕಣಿ ಮನೆಗಳು ಇಲ್ಲಿವೆ. ತಮಿಳು, ಮಲಯಾಳಂ ಮಾತಾಡುವ ಮನೆಗಳಿವೆ. ಕನ್ನಡವೇ ಮನೆಮಾತಾದವರು ಇದ್ದಾರೆ. ಇನ್ನೊಂದು ಕಡೆ 19ನೆಯ ಶತಮಾನದಲ್ಲಿ ಮೈಸೂರು ಸೀಮೆಯಲ್ಲಿ ದುಡಿದ ವೆಸ್ಲಿಯನ್ ಮಿಷನ್ ಶಿವಮೊಗ್ಗಕ್ಕೂ ಬಂತು. ಆ ಪರಂಪರೆ 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ದಕ್ಷಿಣ ಭಾರತ ಸಭೆಯೊಳಗೆ, ಅಂದರೆ ಸಿ.ಎಸ್.ಐ.ನೊಳಗೆ ಸೇರಿಕೊಂಡಿತು.

ಪ್ರಾರ್ಥನೆಗೆ ಪೂರ್ಣ ಹೃದಯ ಬೇಕೆಂದರೆ ಭಾಷೆಯ ಪ್ರಶ್ನೆ ಬಂದೇ ಬರುತ್ತದೆ. 1963ರ ಡಿಸೆಂಬರ್‌ನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನೆಯ ಬಗ್ಗೆ ನಿರ್ಣಯ ಹೊರಡಿಸಿ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಕಥೋಲಿಕರ ಬಲಿಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. ಗುರುಗಳು ಪೀಠದಲ್ಲಿ ಲ್ಯಾಟಿನ್ ಹೇಳುತ್ತಿದ್ದರೆ ಕೆಳಗೆ ಅಜ್ಜಿಯರು ತಮ್ಮ ಪಾಡಿಗೆ ಜಪಮಾಲೆ ಎಣಿಸುತ್ತಿದ್ದ ಕಾಲ ಅದು. ಪ್ರೊಟೆಸ್ಟೆಂಟರಿಗೆ ಈ ಅನುಕೂಲ ಮೊದಲೇ ಸಿಕ್ಕಿತ್ತು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ಶ್ರಮದಿಂದ 19ನೆಯ ಶತಮಾನದ ಮೊದಲರ್ಧದಲ್ಲೇ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ತಾಯಿಯ ಹತ್ತಿರ ತಪ್ಪೊಪ್ಪಿಕೊಳ್ಳುವಾಗ ಯಾರೂ ಕಲಿತ ಭಾಷೆ ಬಳಸುವುದಿಲ್ಲ. ಪೂಜೆ ಯಾವ ಭಾಷೆಯಲ್ಲಿ ನಡೆಯಬೇಕೆಂದು ಕರ್ನಾಟಕದ ಚರ್ಚುಗಳಲ್ಲಿ ಜಗಳಗಳಾಗಿವೆ. ಆ ಜಗಳದ ಬಿಸಿಯಲ್ಲಿ ಮರೆತುಹೋಗುವ ಮಾತೆಂದರೆ, ಪಕ್ಕದವನ ತಾಯ್ನುಡಿಯ ಪ್ರಾರ್ಥನೆಯನ್ನು ಸಹಿಸದವನ ಬಾಯಲ್ಲಿ ತನ್ನ ತಾಯ್ನುಡಿಯ ಪ್ರಾರ್ಥನೆಯೂ ಬರಿಯ ಶಬ್ದವಾಗುತ್ತದೆ.

ಶಿವಮೊಗ್ಗದಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಭದ್ರಾವತಿಗೆ ಬಂದರೆ ಪ್ರಾರ್ಥನೆಯ ಪ್ರಶ್ನೆ ಬೇರೆಯೇ ರೂಪ ತಾಳುತ್ತದೆ. ಬೆಂಕಿಪುರ ಎಂದು ಕರೆಸಿಕೊಂಡಿದ್ದ ಊರು ಇದು. 1923ರಲ್ಲಿ ಇಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಿತು. ಮುಂದೆ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರು ಬಂತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಸೇರಿತು. ಕೆಲಸ ಹುಡುಕಿಕೊಂಡು ನಾಲ್ಕು ದಿಕ್ಕಿನಿಂದ ಜನ ಬಂದರು. ತಮ್ಮ ದೇವರನ್ನೂ ಭಾಷೆಯನ್ನೂ ಹಾಡುಗಳನ್ನೂ ತಂದರು. ದೇವಸ್ಥಾನ, ಮಸೀದಿ, ಚರ್ಚು ಎಲ್ಲವೂ ಪಾಳಿಯ ಸೈರನ್ನಿಗೆ ಹೊಂದಿಕೊಂಡು ಬಾಳಿದವು.

ಆಮೇಲಿನ ಕಥೆ ಎಲ್ಲರಿಗೂ ಗೊತ್ತು. ಕಾಗದದ ಯಂತ್ರಗಳು 2015ರ ಹೊತ್ತಿಗೆ ನಿಂತವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಹೋರಾಟಕ್ಕೆ ಇಳಿದರು. ಇಂಥ ದಿನಗಳಲ್ಲಿ ಬೆಂಚಿನ ಮೇಲೆ ಮೊಣಕಾಲೂರಿದ ಕಾರ್ಮಿಕನ ಪ್ರಾರ್ಥನೆ ಏನಿದ್ದೀತು? ಕೆಲಸ ಉಳಿಸು ಎಂಬುದೇ. ಅದನ್ನು ಸ್ವಾರ್ಥದ ಪ್ರಾರ್ಥನೆ ಎಂದು ಹೀಗಳೆಯುವುದು ಸುಲಭ, ಆದರೆ ಅನ್ಯಾಯ. ದಿನದ ರೊಟ್ಟಿಯನ್ನು ಕೇಳಿರಿ ಎಂದು ಶಿಷ್ಯರಿಗೆ ಕಲಿಸಿದವನು ಯೇಸುವೇ.

ತೊಡಕು ಬರುವುದು ಕೇಳಿದ್ದು ಸಿಗದಿದ್ದಾಗ. ಹರಕೆ ತೀರಿಸಿದೆ, ಉಪವಾಸ ಮಾಡಿದೆ, ಆದರೂ ಗೇಟು ತೆರೆಯಲಿಲ್ಲವಲ್ಲ ಎಂದು ಎಷ್ಟೋ ಮಂದಿ ಚರ್ಚಿನ ಮೆಟ್ಟಿಲು ಹತ್ತುವುದನ್ನೇ ಬಿಡುತ್ತಾರೆ. ಇಲ್ಲಿ ಮತ್ತೆ ಯೋವೇಲನ ಕಡೆ ನೋಡಬೇಕು. ಆತ ಮಾತಾಡಿದ್ದು ಸುಭಿಕ್ಷದ ಕಾಲದಲ್ಲಲ್ಲ. ಮಿಡತೆಯ ದಂಡು ಬಂದು ಹೊಲ ಬರಿದಾಗಿತ್ತು, ದ್ರಾಕ್ಷಿ ಬಳ್ಳಿ ಒಣಗಿತ್ತು, ಗುಡಿಗೆ ಒಪ್ಪಿಸಲು ಧಾನ್ಯವೂ ಉಳಿದಿರಲಿಲ್ಲ. ಅಂಥ ಜನರಿಗೆ ಆತ ತಿರುಗಿಕೊಳ್ಳಿ ಎಂದ. ಆದರೆ ತಿರುಗಿದರೆ ನಾಳೆಯೇ ಬೆಳೆ ಬರುತ್ತದೆಂದು ಕರಾರು ಬರೆದುಕೊಡಲಿಲ್ಲ. ದೇವರು ಕರುಣಾಳು, ಮನಸ್ಸು ಕರಗಿದರೂ ಕರಗೀತು ಎಂಬಷ್ಟೇ ಆಸೆ ಇಟ್ಟ. ಫಲದ ಭರವಸೆ ಬಂದದ್ದು ಆಮೇಲೆ. ವ್ಯಾಪಾರಕ್ಕೂ ಪ್ರಾರ್ಥನೆಗೂ ಇರುವ ಅಂತರ ಇದೇ. ವ್ಯಾಪಾರದಲ್ಲಿ ಸರಕು ಸಿಗದಿದ್ದರೆ ಅಂಗಡಿ ಬದಲಿಸುತ್ತಾರೆ. ಮಗ ಕೇಳಿದ್ದನ್ನು ಅಪ್ಪ ಕೊಡದಿದ್ದರೆ ಮುನಿಸು ಬರುತ್ತದೆ, ಜಗಳವೂ ಆಗುತ್ತದೆ, ಆದರೆ ಅಪ್ಪನನ್ನು ಬದಲಿಸಲು ಆಗುವುದಿಲ್ಲ. ಕೀರ್ತನೆಗಳ ಗ್ರಂಥದಲ್ಲಿ ಸ್ತುತಿಗೆ ಇರುವಷ್ಟೇ ಜಾಗ ದೂರಿಗೂ ಇದೆ. ದೇವರ ಮುಂದೆ ಸಿಟ್ಟನ್ನು ಬಚ್ಚಿಟ್ಟು ಮಾಡುವ ಪ್ರಾರ್ಥನೆ ಪೂರ್ಣ ಹೃದಯದ್ದಲ್ಲ. ಸಿಟ್ಟನ್ನೂ ತಂದು ಒಪ್ಪಿಸುವುದೇ ಪೂರ್ಣ ಹೃದಯ.

ತಿರುಗಿ ಬರುವ ಮಾತು ಬಂದಾಗಲೆಲ್ಲ ಪ್ರಸಂಗಗಳಲ್ಲಿ ಬರುವುದು ಲೂಕನ ಸುವಾರ್ತೆಯ 15ನೆಯ ಅಧ್ಯಾಯ. ಆಸ್ತಿಯ ಪಾಲು ಹಿಡಿದು ಹೋಗಿ ಎಲ್ಲ ಹಾಳುಮಾಡಿ ಬಂದ ಕಿರಿಯ ಮಗನನ್ನು ಅಪ್ಪ ಓಡಿಹೋಗಿ ತಬ್ಬಿಕೊಂಡ ಕಥೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮನೆ ಬಿಟ್ಟು ಹೋಗದೆ ಹೊಲದಲ್ಲಿ ದುಡಿಯುತ್ತಿದ್ದ ಹಿರಿಯ ಮಗ ಒಳಗೆ ಬರಲೊಲ್ಲದೆ ಬಾಗಿಲಲ್ಲಿ ನಿಲ್ಲುತ್ತಾನೆ. ಆತ ಕೊನೆಗೆ ಒಳಗೆ ಹೋದನೋ ಇಲ್ಲವೋ ಯೇಸು ಹೇಳಲೇ ಇಲ್ಲ. ಆ ಕಥೆಯನ್ನು ಮುಗಿಸುವ ಕೆಲಸ ಕೇಳಿಸಿಕೊಂಡವರಿಗೆ ಬಿಟ್ಟದ್ದು.

ಹತ್ತು ವರ್ಷ ಚರ್ಚಿಗೆ ಬಾರದ ಒಬ್ಬ ಬಂದು ಹಿಂದಿನ ಬೆಂಚಿನಲ್ಲಿ ಕುಳಿತನೆಂದುಕೊಳ್ಳಿ. ಕುಡಿತಕ್ಕೆ ಬಿದ್ದವನಿರಬಹುದು, ಸಾಲ ಮಾಡಿ ಮುಖ ತಪ್ಪಿಸಿಕೊಂಡವನಿರಬಹುದು, ಮದುವೆ ಮುರಿದ ಹೆಣ್ಣುಮಗಳಿರಬಹುದು. ದೇವರು ಒಳಗೆ ಬಾ ಎಂದಾಗಿದೆ. ಪಕ್ಕದಲ್ಲಿ ಕುಳಿತವರು ಏನನ್ನುತ್ತಾರೆ? 'ಏನ್ರೀ, ಇಷ್ಟು ದಿನಕ್ಕೆ ದಾರಿ ಗೊತ್ತಾಯ್ತಾ?' ಎಂಬ ಒಂದು ಕುಹಕ ಸಾಕು, ಬಂದವರು ಮುಂದಿನ ಭಾನುವಾರ ಬರುವುದಿಲ್ಲ. ಒಬ್ಬರ ಹಿಂದಿರುಗುವಿಕೆ ಕೈಗೂಡುವುದೂ ಕೈತಪ್ಪುವುದೂ ಹೆಚ್ಚಾಗಿ ಬೆಂಚಿನಲ್ಲಿ ಇಂಥವರು ಸರಿದು ಜಾಗ ಕೊಡುತ್ತಾರೋ ಇಲ್ಲವೋ ಎಂಬುದರಲ್ಲಿ.

ಸಭೆಯ ಹಿರಿಯರು ಇದನ್ನು ಅರಿತೇ ಆರಾಧನೆಯೊಳಗೆ ಕೆಲವು ಏರ್ಪಾಟು ಮಾಡಿದ್ದಾರೆ. ಕಥೋಲಿಕರ ಪೂಜೆ ಆರಂಭವಾಗುವಾಗ ಎಲ್ಲರೂ ಎದೆ ತಟ್ಟಿಕೊಂಡು ಮಾಡುವ ಪಾಪನಿವೇದನೆ ದೇವರಿಗಷ್ಟೇ ಅಲ್ಲ, ಸುತ್ತ ನಿಂತ ಸಹೋದರ ಸಹೋದರಿಯರಿಗೂ ಸಲ್ಲುವಂಥದ್ದು. ಅಲ್ಲಿ ಮುಂದಿನ ಬೆಂಚು, ಹಿಂದಿನ ಬೆಂಚು ಎಂಬ ಭೇದವಿಲ್ಲ. ಗುರುಗಳೂ ಅದನ್ನೇ ಹೇಳುತ್ತಾರೆ. 1950ರಿಂದ ಬಳಕೆಗೆ ಬಂದ ಸಿ.ಎಸ್.ಐ. ಆರಾಧನಾ ಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿ ಇದೆ. ಪುರಾತನ ಸಭೆಯ ಈ ರೂಢಿಯನ್ನು ದಕ್ಷಿಣ ಭಾರತ ಮತ್ತೆ ಜೀವಂತಗೊಳಿಸಿದ್ದನ್ನು ಜಗತ್ತಿನ ಇತರ ಸಭೆಗಳೂ ಗಮನಿಸಿದವು. ಕಾಣಿಕೆಯನ್ನು ಪೀಠದ ಬಳಿ ಬಿಟ್ಟು ಮೊದಲು ಹೋಗಿ ಸಹೋದರನೊಡನೆ ರಾಜಿಯಾಗು ಎಂಬ ಯೇಸುವಿನ ಬೋಧೆ ಇದರ ಬೆನ್ನಿಗಿದೆ. ಜಮೀನಿನ ಗಡಿಯ ವಿಚಾರಕ್ಕೆ ತಮ್ಮನೊಡನೆ ಮಾತು ಬಿಟ್ಟ ಅಣ್ಣ ಅದೇ ಚರ್ಚಿನಲ್ಲಿ ಇನ್ನೊಂದು ಬದಿಗೆ ಕುಳಿತು ಪಕ್ಕದ ಅಪರಿಚಿತನ ಕೈ ಹಿಡಿದು ಸಮಾಧಾನ ಹೇಳಿದರೆ ಪದ್ಧತಿ ನಡೆದಂತಾಯಿತು, ಕೆಲಸ ಉಳಿದೇಹೋಯಿತು.

ತಿರುಗಿ ಬಂದವನ ಮೇಲೂ ಒಂದು ಹೊಣೆ ಇದೆ. ಕಥೋಲಿಕ ಬೋಧನೆಯಂತೆ ಪಾಪನಿವೇದನೆಯಲ್ಲಿ ಮನುಷ್ಯ ಮಾಡಬೇಕಾದ್ದು ಮೂರು: ಮನಸಾರೆ ನೊಂದುಕೊಳ್ಳುವುದು, ಬಾಯಿಬಿಟ್ಟು ಹೇಳುವುದು, ಆದ ಹಾನಿಗೆ ಪರಿಹಾರ ಕೊಡುವುದು. ಮೊದಲ ಎರಡು ಮಾಡಿ ಮೂರನೆಯದನ್ನು ಮರೆಯುವವರೇ ಹೆಚ್ಚು. ಸುಂಕದವರ ಮುಖಂಡ ಜಕ್ಕಾಯ ಯೇಸುವನ್ನು ಮನೆಗೆ ಬರಮಾಡಿಕೊಂಡು ಬರೇ ಕಣ್ಣೀರು ಸುರಿಸಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದಕ್ಕೆ ನಾಲ್ಕರಷ್ಟು ವಾಪಸು ಎಂದು ಎದ್ದು ನಿಂತು ಹೇಳಿದ. ಕೈಸಾಲ ತೀರಿಸದೆ ಕಾಣಿಕೆ ಡಬ್ಬಿಗೆ ನೋಟು ಹಾಕುವವರು ಜಕ್ಕಾಯನ ಲೆಕ್ಕವನ್ನು ಒಮ್ಮೆ ನೋಡಬೇಕು.

ವೆಸ್ಲಿಯನ್ ಪರಂಪರೆಯಲ್ಲಿ ಇದಕ್ಕೆ ಇನ್ನೊಂದು ದಾರಿಯಿದೆ. 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಸಣ್ಣ ಕೂಟದಲ್ಲಿ ಜಾನ್ ವೆಸ್ಲಿಯ ಎದೆ ಬೆಚ್ಚಗಾಯಿತು ಎಂಬುದು ಪ್ರಸಿದ್ಧ. ಆಗಲೇ ಆತ ದೀಕ್ಷೆ ಪಡೆದ ಪಾದ್ರಿ, ಸಮುದ್ರ ದಾಟಿ ಮಿಷನ್ ಕೆಲಸ ಮಾಡಿ ಬಂದವನು. ಅಂಥವನಿಗೂ ತಿರುಗಿ ಬರುವುದು ಬಾಕಿ ಇತ್ತು! ಆದರೆ ಒಂದು ಸಂಜೆಯ ಬಿಸಿ ಜನ್ಮಕ್ಕೆ ಸಾಲದೆಂದು ಆತನಿಗೆ ಗೊತ್ತಿತ್ತು. 1755ರಲ್ಲಿ ಆತ ಒಡಂಬಡಿಕೆಯ ಆರಾಧನೆಯನ್ನು ಆರಂಭಿಸಿದ. ಹೊಸ ವರ್ಷದ ಮೊದಲ ದಿನಗಳಲ್ಲಿ ಸಭೆ ಒಟ್ಟಾಗಿ ತನ್ನನ್ನು ದೇವರಿಗೆ ಮತ್ತೊಮ್ಮೆ ಒಪ್ಪಿಸಿಕೊಳ್ಳುವ ಕ್ರಮ ಅದು. ದುಡಿಸಿದರೂ ಸರಿ, ಕೆಲಸವಿಲ್ಲದೆ ಕೂರಿಸಿದರೂ ಸರಿ, ನಿನ್ನವನೇ ಎನ್ನುವುದು ಅದರ ಭಾವ. ಗೇಟು ಮುಚ್ಚಿದ ಕಾರ್ಖಾನೆಯ ಕಾರ್ಮಿಕನ ಬಾಯಲ್ಲಿ ಈ ಭಾವ ಬಂದರೆ ಅದರ ತೂಕವೇ ಬೇರೆ. ಉಂಡು ಕುಳಿತವನು ಅದನ್ನು ಅವನಿಗೆ ಉಪದೇಶಿಸುವಂತಿಲ್ಲ, ಅವನೇ ಹೇಳಬೇಕು.

ಇಡೀ ಹೃದಯ ಕೊಡುವುದು ದಿನನಿತ್ಯದ ಗದ್ದಲದಲ್ಲಿ ಆಗುವ ಮಾತೇ ಎಂದು ಕೇಳುವವರಿಗೆ 17ನೆಯ ಶತಮಾನದ ಪ್ಯಾರಿಸ್ಸಿನ ಬ್ರದರ್ ಲಾರೆನ್ಸ್ ಉತ್ತರ. ಕಾರ್ಮೆಲ್ ಮಠದ ಅಡಿಗೆಮನೆಯಲ್ಲಿ ವರ್ಷಗಟ್ಟಲೆ ದುಡಿದ ಆತನಿಗೆ ಪಾತ್ರೆಗಳ ಸದ್ದೂ ಪ್ರಾರ್ಥನೆಯ ಹೊತ್ತೂ ಬೇರೆ ಬೇರೆ ಆಗಿರಲಿಲ್ಲ. ಮನಸ್ಸು ಅಲೆದಾಗ ತನ್ನನ್ನು ಬೈದುಕೊಳ್ಳದೆ ಮೆಲ್ಲನೆ ಹಿಂದಕ್ಕೆ ಕರೆದುಕೊಳ್ಳುವುದೇ ಆತನ ಸಾಧನೆ. ಈ ಜಿಲ್ಲೆಯವರಿಗೆ ಇದು ಪರಕೀಯವಾಗಿ ತೋರಬೇಕಾಗಿಲ್ಲ. ಉಡುತಡಿಯ ಅಕ್ಕ, ಬಳ್ಳಿಗಾವಿಯ ಅಲ್ಲಮ ಹುಟ್ಟಿದ ನೆಲ ಇದು. ತೋರಿಕೆಯ ಭಕ್ತಿಗೂ ಒಳಗಿನ ಭಕ್ತಿಗೂ ಇರುವ ಅಂತರವನ್ನು ಇಲ್ಲಿನ ಕನ್ನಡ ಎಂಟುನೂರು ವರ್ಷಕ್ಕೂ ಹಿಂದೆಯೇ ಅರಿತಿದೆ.

ನಲವತ್ತು ದಿನ ಮಾಂಸ ಬಿಟ್ಟವರು, ಶುಕ್ರವಾರಗಳಂದು ಶಿಲುಬೆಯ ಹಾದಿ ಮಾಡಿದವರು ಈಸ್ಟರ್ ಹೊತ್ತಿಗೆ ತಮ್ಮ ವ್ರತದ ಲೆಕ್ಕ ಹಾಕುವುದು ಸಹಜ. ಅದರ ಜೊತೆಗೆ ಇನ್ನೆರಡು ಲೆಕ್ಕ ಸೇರಲಿ: ಮಾತು ಬಿಟ್ಟವರಲ್ಲಿ ಎಷ್ಟು ಜನರ ಮನೆ ಬಾಗಿಲು ತಟ್ಟಿದ್ದಾಯಿತು, ದೂರ ಹೋದವರಲ್ಲಿ ಎಷ್ಟು ಜನರಿಗೆ ಬೆಂಚಿನಲ್ಲಿ ಸರಿದು ಜಾಗ ಕೊಟ್ಟದ್ದಾಯಿತು. ದೇವರ ಕಡೆಗೆ ತಿರುಗುವ ದಾರಿ ನೆರೆಯವನ ಅಂಗಳವನ್ನು ಬಳಸಿಕೊಂಡು ಹೋಗುವುದಿಲ್ಲ. ಅಂಗಳದ ನಡುವೆಯೇ ಹಾದುಹೋಗುತ್ತದೆ.