ಹಗೇವಿನ ಕಾಳೇಕೆ ಬೀಜವಾಗದು?

ನಮ್ಮ ಓದುಗ ಬಂಧುಗಳಲ್ಲಿ ಒಕ್ಕಲು ಮನೆತನದವರು ಬಹುಸಂಖ್ಯೆಯಲ್ಲಿದ್ದಾರೆ. ದಾವಣಗೆರೆ, ಹಾವೇರಿ ಸೀಮೆಯ ಹೊಲಗಳನ್ನು ಆವರಿಸಿಕೊಂಡಿರುವ ಗೋವಿನಜೋಳದ ವಿಷಯದಲ್ಲಿ ಮುಂಗಾರು ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆಯೊಂದುಂಟು. ಬಿಳಿಜೋಳದ ಒಳ್ಳೆಯ ತೆನೆಗಳನ್ನು ಆರಿಸಿ, ಬೂದಿ ಬೆರೆಸಿ ಹಿರಿಯರು ಮನೆಯಲ್ಲಿಯೇ ಬೀಜ ಕಾಯ್ದಿಡುತ್ತಿದ್ದರು. ಗೋವಿನಜೋಳಕ್ಕೆ ಮಾತ್ರ ವರ್ಷವರ್ಷವೂ ಅಂಗಡಿಯ ಚೀಲವೇ ಏಕೆ ಬೇಕು? ಇದೆಲ್ಲ ವ್ಯಾಪಾರಿಗಳ ಹೂಟವೆಂದು ಬಗೆಯುವವರೂ ಇದ್ದಾರೆ. ವ್ಯಾಪಾರಕ್ಕೆ ಇದರಿಂದ ಲಾಭವಾದುದು ನಿಜ. ಆದರೆ ಮೂಲ ಕಾರಣವಿರುವುದು ಆ ಸಸ್ಯದ ಸ್ವಭಾವದಲ್ಲಿ.

ಗೋವಿನಜೋಳದ ಗಂಡು ಹೂವು ಗಿಡದ ತುದಿಯಲ್ಲಿ, ಹೆಣ್ಣು ಹೂವು ನಡುದಂಟಿನ ತೆನೆಯಲ್ಲಿ. ಗಾಳಿಯಲ್ಲಿ ತೇಲುವ ಪರಾಗವು ಬಹುಮಟ್ಟಿಗೆ ನೆರೆಯ ಗಿಡಗಳ ತೆನೆಗಳನ್ನೇ ಸೇರುತ್ತದೆ. ಹೀಗೆ ಕಾಳುಕಾಳಿಗೂ ತಂದೆ ಬೇರೆ! ಅಮೆರಿಕೆಯ ನ್ಯೂಯಾರ್ಕ್ ಪ್ರಾಂತದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಜಾರ್ಜ್ ಶಲ್ ಎಂಬ ವಿಜ್ಞಾನಿ ಈ ಬೆರಕೆಯನ್ನು ತಡೆದು ನೋಡಿದನು. ಒಂದು ಗಿಡದ ಪರಾಗವನ್ನು ಅದೇ ಗಿಡದ ತೆನೆಗೆ ಸೋಕಿಸುತ್ತ ಹೋದಂತೆ ಗಿಡಗಳು ಕುಳ್ಳಾದವು, ತೆನೆಗಳು ಸಣಕಲಾದವು. ಆದರೆ ಒಂದು ವಂಶದ ಗಿಡಗಳೆಲ್ಲ ಒಂದೇ ಅಚ್ಚಿನಂತಾದವು. ಹೀಗೆ ಸೊರಗಿದ ಎರಡು ಬೇರೆ ಬೇರೆ ವಂಶಗಳನ್ನು ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿಯೇ ಕಳೆದುಹೋದ ಹುರುಪು ಮರಳಿ ಬಂದಿತು. ಕೆಲವು ಜೋಡಿಗಳ ಫಸಲು ಮೂಲ ತಳಿಯನ್ನೂ ಮೀರಿಸಿತು. 1908ರಲ್ಲಿ ಆತನು ಇದನ್ನು ಪ್ರಕಟಿಸಿದನು. ಇಳುವರಿ ಹೆಚ್ಚಿಸುವುದು ಅವನ ಮೊದಲ ಉದ್ದೇಶವೇ ಆಗಿರಲಿಲ್ಲ, ತೆನೆಯ ಸಾಲುಗಳ ಸಂಖ್ಯೆ ಅನುವಂಶಿಕವಾಗಿ ಹೇಗೆ ಹರಿದುಬರುವುದೆಂದು ಅವನು ಅರಸುತ್ತಿದ್ದನು.

ಸೊರಗಿದ ತಾಯಿಗಿಡ ಬಿಡುವ ಬೀಜವೇ ಅತ್ಯಲ್ಪವಾದ್ದರಿಂದ ಅದರ ಬೆಲೆ ರೈತನಿಗೆ ಎಟುಕುತ್ತಿರಲಿಲ್ಲ. ಕನೆಕ್ಟಿಕಟ್‌ನ ಡೊನಾಲ್ಡ್ ಜೋನ್ಸ್ 1917–18ರ ಸುಮಾರಿಗೆ ನಾಲ್ಕು ವಂಶಗಳನ್ನು ಎರಡು ಹಂತಗಳಲ್ಲಿ ಕೂಡಿಸಿ ಈ ತೊಡಕನ್ನು ಬಿಡಿಸಿದನು. ನಮ್ಮ ದೇಶದಲ್ಲಿ ಮೊದಲ ಸಂಕರಣ ತಳಿಗಳು ಬಿಡುಗಡೆಯಾದದ್ದು 1961ರಲ್ಲಿ. ಅವುಗಳಲ್ಲಿ ಒಂದರ ಹೆಸರು ಡೆಕ್ಕನ್.

ಬೀಜೋತ್ಪಾದನೆಯ ಹೊಲದಲ್ಲಿ ಗಂಡು ಸಾಲು, ಹೆಣ್ಣು ಸಾಲು ಎಂದು ಬೇರೆ ಬೇರೆ ಬಿತ್ತುತ್ತಾರೆ. ಹೆಣ್ಣು ಸಾಲಿನ ತುದಿಹೂವುಗಳನ್ನು ಪರಾಗ ಉದುರುವ ಮೊದಲೇ ಕಿತ್ತುಹಾಕಬೇಕು. ಒಂದು ದಿನ ತಡವಾದರೂ ಬೀಜ ಕೆಟ್ಟಿತು. ಇದು ಕಣ್ಣು ಚುರುಕಾಗಿರಬೇಕಾದ ಕೆಲಸ. ಈ ಕೂಲಿಯನ್ನು ಉಳಿಸಲೆಂದು ಅಮೆರಿಕದವರು ಪರಾಗವೇ ಬಿಡದ ಒಂದೇ ತಾಯಿಮೂಲವನ್ನು ಎಲ್ಲೆಡೆ ಬಳಸಿದರು. 1970ರಲ್ಲಿ ಆ ಮೂಲಕ್ಕೇ ಅಂಟುವ ಎಲೆಯಂಗಮಾರಿ ರೋಗ ಹಬ್ಬಿ ದೇಶದ ಬೆಳೆಯಲ್ಲಿ ಸುಮಾರು ಶೇಕಡಾ 15ರಷ್ಟು ನಾಶವಾಯಿತು.

ಇನ್ನು ಹಗೇವಿನ ಕಾಳಿನ ಮಾತು. ಚೀಲದ ಬೀಜದಿಂದ ಬೆಳೆದ ಗಿಡಗಳು ತಮ್ಮತಮ್ಮಲ್ಲೇ ಕೂಡಿದಾಗ ತಂದೆತಾಯಿಗಳ ಗುಣಗಳು ಚದುರಿಹೋಗುತ್ತವೆ. ಎರಡೇ ವಂಶಗಳ ಸಂಕರವಾದರೆ, ಕೂಡಿಕೆಯಿಂದ ಬಂದ ಹುರುಪಿನಲ್ಲಿ ಸುಮಾರು ಅರ್ಧ ಮರುವರ್ಷವೇ ಕರಗುತ್ತದೆ. ಒಂದು ಗಿಡ ಎತ್ತರ, ಒಂದು ಗಿಡ್ಡ, ತೆನೆ ಮಾಗುವ ಕಾಲವೂ ಹಿಂದುಮುಂದು. ಬೆಳೆದ ಬೀಜವನ್ನು ಉಳಿಸಿಕೊಂಡು ಬಿತ್ತುವ ಹಕ್ಕನ್ನು 2001ರ ಕಾಯಿದೆಯು ರೈತನಿಗೆ ಕೊಟ್ಟಿದೆ. ಆದರೆ ಹೈಬ್ರಿಡ್ ಜೋಳದಲ್ಲಿ ಆ ಹಕ್ಕಿನಿಂದ ಸಿಗುವ ಫಲ ಕಡಿಮೆ, ಮೂಲ ವಂಶಗಳಂತೂ ಬೀಜ ತಯಾರಕರ ಕೈಯಲ್ಲಿಯೇ ಇರುತ್ತವೆ. ಆದುದರಿಂದ ವಿಶ್ವವಿದ್ಯಾಲಯಗಳೂ ಇಂತಹ ವಂಶಗಳನ್ನು ಬೆಳೆಸಿ ಕಾಯಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ಮನೆಯ ಬೀಜವೇ ಬೇಕೆನ್ನುವವರಿಗೆ ಕಾಂಪೋಸಿಟ್ ತಳಿಗಳಿವೆ. ಇಳುವರಿ ತುಸು ಕಡಿಮೆಯಾದರೂ ಕೆಲವು ವರ್ಷ ಕಾಳನ್ನೇ ಬೀಜವಾಗಿಸಬಹುದು, ಬೇರೆ ಜೋಳದ ಹೊಲ ದೂರವಿದ್ದರೆ.

ಒಂದು ಶುದ್ಧ ವಂಶವನ್ನು ಸಿದ್ಧಪಡಿಸಲು ಆರೇಳು ಪೀಳಿಗೆ ಕಾಯಬೇಕಿತ್ತು. ಅದನ್ನು ಎರಡು ಮೂರು ಪೀಳಿಗೆಗಳಲ್ಲಿ ಮುಗಿಸುವ ಕೇಂದ್ರವೊಂದು 2021ರ ಡಿಸೆಂಬರಿನಲ್ಲಿ ನಮ್ಮ ಕುಣಿಗಲ್ಲಿನಲ್ಲಿಯೇ ಆರಂಭವಾಯಿತು. ಅಲ್ಲಿ ಇಪ್ಪತ್ತು ವರ್ಣತಂತುಗಳ ಬದಲು ಹತ್ತೇ ಇರುವ ಮೊಳಕೆಗಳನ್ನು ಪಡೆದು, ಔಷಧೋಪಚಾರದಿಂದ ಆ ಹತ್ತನ್ನು ಇಮ್ಮಡಿಗೊಳಿಸುತ್ತಾರೆ.