ಕತೆಯಿದ್ದರೆ ಜನ ಬರುವುದಿಲ್ಲ ಎಂದವರು ಯಾರು?

ವಿಡಿಯೋ ಗೇಮ್ ಮಾಡುವವರ ಬಾಯಲ್ಲಿ ಒಂದು ವಾದ ಸದಾ ಸಿದ್ಧವಾಗಿರುತ್ತದೆ: ಗಟ್ಟಿ ಕತೆ ಬೆರಳೆಣಿಕೆಯ ಮಂದಿಗೆ, ಲಕ್ಷಗಟ್ಟಲೆ ಜನ ಬೇಕಾದರೆ ಬಂದೂಕೇ ಸಾಕು. ಮಂಗಳೂರಿನ ಕಂಕನಾಡಿಯಲ್ಲಿ ಬದುಕುವ ನನಗೆ ಈ ಮಾತು ಸುಳ್ಳೆಂದು ಕಣ್ಣೆದುರೇ ಕಾಣುತ್ತದೆ.

ಇಲ್ಲಿನ ಬ್ರಹ್ಮ ಬೈದರ್ಕಳ ಗರೋಡಿ ಎಂಬ ದೈವಸ್ಥಾನದ ಜಾತ್ರೆಗೆ ಸೇರುವವರಲ್ಲಿ ತುಳುನಾಡಿನ ಅವಳಿ ವೀರರಾದ ಕೋಟಿ-ಚೆನ್ನಯರ ಕತೆ ಗೊತ್ತಿಲ್ಲದವರನ್ನು ಹುಡುಕಬೇಕು. ಅದೇನು ಸರಳ ಕತೆಯೇ? ಪಡುಮಲೆಯ ಅರಸ ಬಲ್ಲಾಳನ ಪ್ರಾಣ ಉಳಿಸಿದ ದೇಯಿ ಬೈದೆತಿ, ಅವಳ ಮಕ್ಕಳಿಗೆ ಅನ್ಯಾಯ ಮಾಡಿದ ಅರಮನೆ, ಗದ್ದೆಯ ಜಗಳದಲ್ಲಿ ಸತ್ತ ಮಂತ್ರಿ ಬುದ್ಯಂತ, ಊರು ಬಿಟ್ಟ ಅವಳಿಗಳು, ಬಾಯಾರಿ ಬಂದ ಅಪರಿಚಿತರು ತನ್ನ ತಮ್ಮಂದಿರೆಂದು ಅಕ್ಕ ಕಿನ್ನಿದಾರುವಿಗೆ ತಿಳಿಯುವ ಗಳಿಗೆ, ಕೊನೆಗೆ ಎಣ್ಮೂರಿನ ಯುದ್ಧ. ಇಷ್ಟು ಸಿಕ್ಕುಗಳಿರುವ ಕತೆಯನ್ನು ಪಾಡ್ದನ ಎಂಬ ತುಳು ಜನಪದ ಹಾಡು ಮನೆಮನೆಗೆ ಮುಟ್ಟಿಸಿತು. ಅದು ಯಕ್ಷಗಾನ ಪ್ರಸಂಗವಾಯಿತು, 1973ರಲ್ಲಿ ವಿಶುಕುಮಾರ್ ಕೈಯಲ್ಲಿ ತುಳು ಸಿನಿಮಾ ಆಯಿತು. ಜನರಿಗೆ ಅರ್ಥವಾಗಲಿಕ್ಕಿಲ್ಲ ಎಂದು ಯಾರೂ ಅದನ್ನು ತೆಳುವಾಗಿಸಲಿಲ್ಲ.

ಇದಕ್ಕೆ ಉತ್ತರವಾಗಿ ಫೌ-ಜಿ ಎಂಬ ಮೊಬೈಲ್ ಆಟದ ಸೋಲನ್ನು ತೋರಿಸುವವರಿದ್ದಾರೆ. 2020ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಪಬ್ಜಿ ಎಂಬ ಬಂದೂಕಿನ ಆಟ ನಿಷೇಧವಾದ ಬೆನ್ನಿಗೇ ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಈ ಆಟವನ್ನು ಘೋಷಿಸಿತು. 2021ರ ಜನವರಿ 26ರಂದು ಬಿಡುಗಡೆಯಾಯಿತು. ಭಾರತ-ಚೀನಾ ಸೈನಿಕರು ಸೆಣಸಿದ ಗಲ್ವಾನ್ ಕಣಿವೆಯ ಕತೆ ಎಂದರು. ಜನ ಮುಗಿಬಿದ್ದು ಡೌನ್‌ಲೋಡ್ ಮಾಡಿದರು, ಅಷ್ಟೇ ಬೇಗ ಬೇಸತ್ತರು. ಕತೆ ಇಟ್ಟದ್ದೇ ತಪ್ಪಾಯಿತೆಂಬ ತೀರ್ಪನ್ನು ನಾನು ಒಪ್ಪುವುದಿಲ್ಲ. ಆ ಆಟದಲ್ಲಿ ವೈರಿಗಳ ಗುಂಪು ಬರುತ್ತದೆ, ಹೊಡೆಯಬೇಕು. ಬೆಂಕಿಯ ಪಕ್ಕ ಕೂತು ಸುಧಾರಿಸಿಕೊಳ್ಳಬೇಕು. ಎದ್ದು ಮತ್ತೆ ಹೊಡೆಯಬೇಕು. ಅಲ್ಲಿದ್ದದ್ದು ಘೋಷಣೆ, ಕತೆಯಲ್ಲ. ಯೋಧ ತೆಗೆದುಕೊಳ್ಳಬೇಕಾದ ಒಂದು ಕಷ್ಟದ ತೀರ್ಮಾನವೂ ಆಡುವವನ ಪಾಲಿಗೆ ಬರಲಿಲ್ಲ.

ಆಟದಲ್ಲಿ ಕತೆಯ ಆಳ ಎಂದರೆ ಉದ್ದುದ್ದ ಸಂಭಾಷಣೆಯಲ್ಲ. ಕೋಟಿ-ಚೆನ್ನಯರ ಆಟವೊಂದನ್ನು ಊಹಿಸಿಕೊಳ್ಳಿ: ನಿಮ್ಮ ಗದ್ದೆಯನ್ನು ಬುದ್ಯಂತ ಹಾಳುಗೆಡವಿದ್ದಾನೆ. ಸಹಿಸುತ್ತೀರಾ, ಅರಮನೆಗೆ ದೂರು ಒಯ್ಯುತ್ತೀರಾ, ಕೈ ಎತ್ತುತ್ತೀರಾ? ಎತ್ತಿದರೆ ಊರು ಬಿಡಬೇಕು. ಹದಿನೈದರ ಹುಡುಗನಿಗೂ ಈ ಸಂಕಟ ತಟ್ಟುತ್ತದೆ. ಇಂಥ ಆಟಕ್ಕೆ ಜನ ಬರುತ್ತಾರೆ ಎಂಬುದಕ್ಕೆ ಸಾಕ್ಷಿಯೂ ಇದೆ. ಪೋಲೆಂಡ್‌ನವರು ತಮ್ಮ ನೆಲದ ಜನಪದದ ಸೊಗಡಿನಲ್ಲೇ ಕಟ್ಟಿದ 'ವಿಚರ್ 3' ಆಟ 5 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ.

ಗೆಳೆಯರು ಸೇರಿ ಪಬ್ಜಿಯ ಭಾರತೀಯ ರೂಪವಾದ ಬಿಜಿಎಂಐ ಆಡುವ ಖುಷಿಗೆ ನನ್ನ ತಕರಾರಿಲ್ಲ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ, ಅವರ ಮುಂದೆ ಬೇರೇನನ್ನೂ ನಾವು ಇಟ್ಟಿಲ್ಲ. 1997ರಲ್ಲೇ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಶುರುವಾದ ಬೆಂಗಳೂರಿನಲ್ಲಿ ಕಸುಬು ಬಲ್ಲವರಿಗೆ ಬರವಿಲ್ಲ. ಆದರೆ ಆ ಕೌಶಲವೆಲ್ಲ ಬಹುಪಾಲು ಪರದೇಶದ ಆಟಗಳಿಗೆ ಚಿತ್ರ ಬರೆಯುವುದರಲ್ಲೇ ಸವೆಯಿತು. ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ ರಾಜ್ಯ ಸರ್ಕಾರ ತಂದ 2024-29ರ ನೀತಿಯಲ್ಲೂ ಉದ್ಯೋಗ, ರಫ್ತಿನ ಲೆಕ್ಕವೇ ಎದ್ದು ಕಾಣುತ್ತದೆ.

ಒಂದು ಎಚ್ಚರಿಕೆ ಬೇಕೇ ಬೇಕು. ಬೈದೆರ್ಲು, ಅಂದರೆ ಕೋಟಿ-ಚೆನ್ನಯರು, ಇಲ್ಲಿ ಪೂಜೆಗೊಳ್ಳುವವರು. ಅವರ ವೇಷವನ್ನು ಆಟದೊಳಗಿನ ಅಂಗಡಿಯಲ್ಲಿ ಮಾರಾಟಕ್ಕಿಡುವುದಾದರೆ ಅಂಥ ಆಟವೇ ಬೇಡ. ಗರೋಡಿಯ ಹಿರಿಯರನ್ನು ಕೇಳಿ, ಪಾಡ್ದನ ಬಲ್ಲ ಹೆಂಗಸರನ್ನು ಕೂರಿಸಿಕೊಂಡು, ಅವರಿಗೆ ತಕ್ಕ ಸಂಭಾವನೆ ಕೊಟ್ಟು ಬರೆಯಿಸಿ. ಸರ್ಕಾರ ತನ್ನ ನೀತಿಯ ಹಣದಲ್ಲಿ ಒಂದು ಪಾಲನ್ನು ಕನ್ನಡ, ತುಳು ಕತೆಗಳ ಆಟಗಳಿಗೆಂದೇ ಮೀಸಲಿಡಲಿ.